ಎಡಗಾಲಿನ ತಾಳ

ಜೂಡೀಕ್, ಕೇಪ್ ಬ್ರೆಟನ್
೯ ಅಕ್ಟೋಬರ್ ೧೯೮೩

ಪ್ರೀತಿಯ ಲಾಕಿ,

ನಿನ್ನ ಕ್ಯಾಸೆಟ್ ಬಂದು ಎರಡು ವಾರವಾಯಿತು, ಪೂರ್ತಿ ಕೇಳಿ ಮುಗಿಸಿದ್ದು ನಿನ್ನೆ. ಯಾಕಿಷ್ಟು ತಡ ಎಂದು ಕೇಳಬೇಡ. ನಿನ್ನ ವೇಗದ ಹಿಂದೆ ನನ್ನ ಕಿವಿ ಓಡಬೇಕಲ್ಲ! ನಮ್ಮಪ್ಪ ಇದ್ದಿದ್ದರೆ "ಏನೋ ಲಾಕಿ, ರೈಲು ತಪ್ಪಿಹೋಗುತ್ತೇನೋ?" ಅಂತ ಕೇಳೇ ಕೇಳುತ್ತಿದ್ದರು. ಬಾಸ್ಟನ್ ಕಡೆ ಹೋದವರೆಲ್ಲ ಹೀಗೇ, ಕುಣಿಯುವವರಿಗೂ ಕಾಲಿದೆ ಅನ್ನುವುದನ್ನು ಮರೆತುಬಿಡುತ್ತೀರಿ. ಆದರೆ ಕೊನೆಯಲ್ಲಿ ಆ ನಿಧಾನದ ಮಟ್ಟು ಬಾರಿಸಿದ್ದೀಯಲ್ಲ, ಅಪ್ಪ ನನ್ನನ್ನೂ ನೆರೆಮನೆಯ ಹುಡುಗನಾಗಿದ್ದ ನಿನ್ನನ್ನೂ ಒಲೆಯ ಮುಂದೆ ಕೂರಿಸಿ ಕಲಿಸಿದ್ದು, ಅದು ಶುರುವಾದಾಗ ಹಿಟ್ಟು ನಾದುತ್ತಿದ್ದ ನನ್ನ ಕೈ ನಿಂತೇಹೋಯಿತು. ಅದೊಂದಕ್ಕೆ ನಿನ್ನ ಉಳಿದ ತಪ್ಪೆಲ್ಲ ಮಾಫಿ.

ಇದರ ಜೊತೆ ನನ್ನದೂ ಒಂದು ಕ್ಯಾಸೆಟ್ ಇಟ್ಟಿದ್ದೇನೆ. ಪಕ್ಕದ ಮನೆ ತೆರೇಸಾ ಮಣಿಕಟ್ಟು ಉಳುಕಿಸಿಕೊಂಡು ಕೂತಿದ್ದಾಳೆ, ಹಾಗಾಗಿ ಪಿಯಾನೋ ಇಲ್ಲ. ಅಡುಗೆಮನೆಯಲ್ಲಿ ಒಬ್ಬಳೇ ಕೂತು ಬಾರಿಸಿದ್ದು, ತಾಳಕ್ಕೆ ನನ್ನ ಕಾಲೇ ಗತಿ. ಮೂರನೆಯ ರೀಲ್ ಕುಣಿತದ ಮಟ್ಟಿನಲ್ಲಿ ಕಮಾನು ಜಾರಿದೆ, ಕೇಳಿಸಿದರೂ ಕೇಳಿಸದವನ ಹಾಗೆ ಇರು. ನನ್ನ ಗಂಡ ಅಲೆಕ್ ತೀರಿಕೊಂಡ ಮೇಲೆ ನನ್ನ ಪಿಟೀಲು ಮಂಚದ ಕೆಳಗೆ ಹೋಗಿತ್ತು. ನೀನು ಕ್ಯಾಸೆಟ್ ಕಳಿಸಿ ಕಳಿಸಿ ಕಾಡದಿದ್ದರೆ ಅಲ್ಲೇ ಇರುತ್ತಿತ್ತು. ಇದನ್ನು ಬಾಯಿಬಿಟ್ಟು ಹೇಳುವವಳಲ್ಲ ನಾನು, ಬರೆಯುತ್ತಿದ್ದೇನೆ.

ಒಂದು ಸಲವಾದರೂ ಊರಿಗೆ ಬರಬಾರದೇ? ನನ್ನ ಮದುವೆಯ ಕುಣಿತಕ್ಕೆ ಬೆಳಗಿನವರೆಗೆ ಬಾರಿಸಿ, ಮರುದಿನ ಬಸ್ಸು ಹತ್ತಿದವನು ನೀನು. ಕಿಟಕಿ ಪಕ್ಕದ ನಿನ್ನ ಕುರ್ಚಿ ಇನ್ನೂ ಅಲ್ಲೇ ಇದೆ. ಬೆಕ್ಕು ಮಲಗುತ್ತದೆ.

ನಿನ್ನ
ಎಫೀ


ವಾಲ್ಥಮ್, ಮ್ಯಾಸಚೂಸೆಟ್ಸ್
೩೦ ಅಕ್ಟೋಬರ್ ೧೯೮೩

ಎಫೀ,

ಮೂರನೆಯ ರೀಲಿನಲ್ಲಿ ನನಗೇನೂ ಕೇಳಿಸಲಿಲ್ಲ. ಸಮಾಧಾನವೇ? ನಾಲ್ಕನೆಯದರಲ್ಲಿ ನೀನು ಮಂದ್ರ ತಂತಿಯ ಶ್ರುತಿ ಏರಿಸಿಕೊಂಡು ಬಾರಿಸಿದ್ದೀಯಲ್ಲ, ಅದನ್ನು ಕೇಳಿ ಕೆಳಗಿನ ಮನೆಯವರು "ಯಾರಪ್ಪಾ ಅದು, ನೀನಂತೂ ಅಲ್ಲ" ಎಂದರು. ನನಗೆ ಬೇಜಾರಾಗಲಿಲ್ಲ, ಹೆಮ್ಮೆಯೇ ಆಯಿತು. ಇನ್ನು ಮುಂದೆ ಪಿಟೀಲನ್ನು ಮಂಚದ ಕೆಳಗೆ ತಳ್ಳಿದರೆ ನಾನು ಅಲ್ಲಿಗೆ ಬಂದು ಜಗಳವಾಡುತ್ತೇನೆ.

ಈಗ ಒಂದು ಮಾತು ಕೇಳುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡ. ಒಬ್ಬಳೇ ಕೂತು ಬಾರಿಸಿದೆ ಎಂದು ಬರೆದಿದ್ದೀಯ. ಹಾಗಾದರೆ ಆ ಇನ್ನೊಂದು ಕಾಲು ಯಾರದು? ನಿನ್ನ ಕಾಲು ನನಗೆ ಗೊತ್ತು, ಹಗುರ, ಚುರುಕು. ಅದರ ಅಡಿಯಲ್ಲಿ ಇನ್ನೊಂದಿದೆ. ಗಂಡಸಿನ ಕಾಲು, ಹಿಮ್ಮಡಿ ಊರಿ ಹಾಕುವ ತಾಳ. ಹಾಕುವವನು ಪಿಟೀಲಿನ ಒಳಹೊರಗು ಬಲ್ಲವನು. ಮಟ್ಟು ತಿರುಗುವ ಕಡೆ ನಿನಗಿಂತ ಮುಂಚೆಯೇ ಅವನಿಗೆ ಗೊತ್ತಾಗುತ್ತದೆ. ಆ ಮೀನುಗಾರ ಡಾನ್ ರೋರಿಯದೇ? ಅವನೂ ಹೆಂಡತಿ ಸತ್ತು ಒಬ್ಬನೇ ಇದ್ದಾನಂತೆ. ಚಹಾ ಕುಡಿಯುವ ನೆಪದಲ್ಲಿ ಬಂದು ಕೂರುತ್ತಾನೇನು? ನನಗೆ ಹೇಳದೆ ಇನ್ಯಾರಿಗೆ ಹೇಳುತ್ತೀಯ!

ನಾನು ಚೆನ್ನಾಗಿದ್ದೇನೆ. ಹೊಸ ಬೂಟು ಎಡ ಹಿಮ್ಮಡಿಯನ್ನು ಕಚ್ಚಿ ಹುಣ್ಣು ಮಾಡಿದೆ. ಸಕ್ಕರೆ ಕಾಯಿಲೆಯವರಿಗೆ ಬೇಗ ಮಾಯುವುದಿಲ್ಲವಂತೆ. ಮರಗೆಲಸಕ್ಕೆ ಚಪ್ಪಲಿ ಹಾಕಿಕೊಂಡೇ ಹೋಗುತ್ತಿದ್ದೇನೆ.

ಲಾಕಿ


ಜೂಡೀಕ್
೧೪ ನವೆಂಬರ್ ೧೯೮೩

ಲಾಕಿ,

ಡಾನ್ ರೋರಿಯ ಹೆಸರು ಇನ್ನೊಂದು ಸಲ ಎತ್ತಿದರೆ ನಿನಗೆ ಕಾಗದವೇ ಇಲ್ಲ. ಅವನು ಒಳಗೆ ಬಂದರೆ ಒಂದು ವಾರ ಹೆರ್ರಿಂಗ್ ಮೀನಿನ ವಾಸನೆ ಹೋಗುವುದಿಲ್ಲ.

ಇಲ್ಲಿ ಯಾರೂ ಇರಲಿಲ್ಲ. ಅಂಚೆಗೆ ಹಾಕುವ ಮುಂಚೆ ನಾನೇ ಎರಡು ಸಲ ಹಾಕಿ ಕೇಳಿದ್ದೆ. ನನ್ನ ಪಿಟೀಲು, ನನ್ನ ಕಾಲು, ಒಲೆಯಲ್ಲಿ ಸೌದೆ ಸಿಡಿಯುವುದು, ಅಷ್ಟೇ. ನಿನ್ನ ಯಂತ್ರ ಕೆಟ್ಟಿರಬೇಕು, ಇಲ್ಲವೇ ಕೆಳಗಿನ ಮನೆಯವರು ಬಡಿಗೆ ತೆಗೆದುಕೊಂಡು ಚಾವಣಿ ಕುಟ್ಟುತ್ತಿದ್ದಿರಬೇಕು, ಪಾಪ.

ಆದರೂ ನಿನ್ನ ಸಂಶಯ ತೀರಲಿ ಎಂದು ಹೊಸದೊಂದು ಮಾಡಿದ್ದೇನೆ. ಈ ಸಲ ಉಣ್ಣೆ ಕಾಲುಚೀಲ ಹಾಕಿಕೊಂಡು, ಎರಡೂ ಕಾಲನ್ನು ಮಣೆಯ ಮೇಲಿಟ್ಟು, ತಾಳವೇ ಹಾಕದೆ ಬಾರಿಸಿದೆ. ಎಷ್ಟು ಕಷ್ಟ ಗೊತ್ತೇ? ಬಾಯಿಗೆ ಬಟ್ಟೆ ಕಟ್ಟಿ ಹಾಡು ಅಂದ ಹಾಗೆ. ತೆರೇಸಾ ಬಾಗಿಲಲ್ಲಿ ನಿಂತು ನೋಡಿ "ಏನೇ ಇದು, ಕಾಲಿಗೆ ಏನಾಯ್ತೇ ನಿಂಗೆ?" ಅಂದಳು. ಬಾಸ್ಟನ್ನಿನ ಹುಚ್ಚನಿಗೆ ಔಷಧಿ ಅಂದೆ.

ಇದರಲ್ಲೂ ಕಾಲು ಕೇಳಿಸಿದರೆ ಕಿವಿ ಡಾಕ್ಟರ ಹತ್ತಿರ ಹೋಗು. ಹಿಮ್ಮಡಿಯನ್ನೂ ತೋರಿಸಿಕೊಂಡು ಬಾ.

ಎಫೀ


ವಾಲ್ಥಮ್
೪ ಡಿಸೆಂಬರ್ ೧೯೮೩

ಎಫೀ,

ಕೇಳಿಸಿತು. ನಿನ್ನ ಕಾಲಿಲ್ಲದ ಕಾರಣ ಇನ್ನೂ ಸ್ಪಷ್ಟವಾಗಿ ಕೇಳಿಸಿತು. ಒಂದೇ ಕಾಲು.

ನನ್ನ ಯಂತ್ರದ ಮೇಲೆ ನಂಬಿಕೆ ಇಲ್ಲದೆ ಶನಿವಾರ ಕ್ಯಾಸೆಟ್ಟನ್ನು ಜೇಬಿನಲ್ಲಿಟ್ಟುಕೊಂಡು ನಮ್ಮೂರಿನವರ ಕ್ಲಬ್ಬಿಗೆ ಹೋದೆ. ಕುಣಿತ ಶುರುವಾಗಲು ಹೊತ್ತಿತ್ತು, ಎಲ್ಲರೂ ಚಹಾ ಕುಡಿಯುತ್ತಿದ್ದರು. ಅಲ್ಲಿನ ಯಂತ್ರಕ್ಕೆ ಹಾಕಿ ದೊಡ್ಡ ಮರ್ಡೊನನ್ನು ಕರೆದೆ. ನಿನಗೆ ನೆನಪಿರಬೇಕು, ಕಣ್ಣು ಮುಚ್ಚಿಕೊಂಡು ಕಾಲಿನ ಸದ್ದಿನಲ್ಲೇ ಬಾರಿಸುವವನು ಯಾರು, ಯಾವ ಕಣಿವೆಯವನು ಎಂದು ಹೇಳಿಬಿಡುವ ಆಸಾಮಿ. ಅರ್ಧ ಮಟ್ಟು ಮುಗಿಯುವಷ್ಟರಲ್ಲಿ ನಗಲು ಶುರು ಮಾಡಿದ.

"ತಮಾಷೆ ಮಾಡ್ತೀಯೇನೋ? ಪಿಟೀಲು ಎಫೀದು, ಕಾಲು ನಿಂದು."

"ಸರಿಯಾಗಿ ಕೇಳು ಮಾರಾಯ."

"ಏನ್ ಕೇಳೋದು! ಮೂರನೇ ಹೊಡೆತಕ್ಕೆ ಒಂಚೂರು ತಡವಾಗಿ ಬೀಳುತ್ತಲ್ಲ, ಆ ಸೋಮಾರಿ ಹಿಮ್ಮಡಿ ಈ ಭೂಮಿ ಮೇಲೆ ಇನ್ಯಾರಿಗಿದೆ? ಯಾವಾಗ ಹೋಗಿದ್ದೆ ಊರಿಗೆ? ನಮಗೆ ಹೇಳಲೇ ಇಲ್ಲ!"

ಹೋಗಿಲ್ಲ ಎಂದೆ. ಅವನು ನಗುವುದನ್ನು ನಿಲ್ಲಿಸಿದ. ಇನ್ನೊಂದು ಸಲ ಕೇಳಿದ, ನನ್ನ ಮುಖ ನೋಡಿದ, ಕ್ಯಾಸೆಟ್ ತೆಗೆದು ನನ್ನ ಕೈಗೆ ಕೊಟ್ಟು ಚಹಾ ತರುತ್ತೇನೆಂದು ಎದ್ದುಹೋದವನು ತಿರುಗಿ ಬರಲಿಲ್ಲ.

ನನ್ನ ಕಾಲಿನ ಸದ್ದನ್ನು ನಾನೇ ಗುರುತಿಸಲಿಲ್ಲ ನೋಡು. ಬಾರಿಸುವಾಗ ಯಾರು ತಮ್ಮ ಕಾಲನ್ನು ಕೇಳಿಸಿಕೊಳ್ಳುತ್ತಾರೆ?

ನಿಜ ಹೇಳಲೇ, ಮೊದಲು ನನಗೆ ಸಂತೋಷವೇ ಆಯಿತು. ನಿನ್ನ ಅಡುಗೆಮನೆಯಲ್ಲಿ, ಆ ಕುರ್ಚಿಯಲ್ಲಿ ನಾನು ಕೂತಿದ್ದೇನಲ್ಲ ಎಂದು. ಆಮೇಲೆ ಮನೆಗೆ ಬಂದು ಬೂಟು ಬಿಚ್ಚಿದೆ. ಎಡಗಾಲಿನ ಎರಡು ಬೆರಳು ಕಪ್ಪಾಗಿವೆ, ಎಫೀ. ಚುಚ್ಚಿದರೂ ನೋವಿಲ್ಲ. ಅಲ್ಲಿ ನನ್ನದೇನೂ ಇಲ್ಲವೇನೋ ಅನ್ನಿಸುತ್ತದೆ.

ಲಾಕಿ


ಜೂಡೀಕ್
೧೫ ಡಿಸೆಂಬರ್ ೧೯೮೩

ಲಾಕಿ,

ಈ ಕಾಗದ ತಲುಪಿದ ದಿನವೇ ಡಾಕ್ಟರ ಹತ್ತಿರ ಹೋಗು. ಕ್ರಿಸ್ಮಸ್ ಕಳೆಯಲಿ ಎನ್ನಬೇಡ.

ಅಜ್ಜಿಯಂದಿರು ಮುನ್ಸದ್ದು ಅನ್ನುತ್ತಿದ್ದರಲ್ಲ, ಅದು ನಿನಗೆ ನೆನಪಿಲ್ಲದೆ ಇರುವುದಿಲ್ಲ. ಸಾವಿಗೆ ಮೊದಲೇ ಅದರ ಸದ್ದು ಬರುವುದು. ನನ್ನ ಚಿಕ್ಕಪ್ಪ ಸಮುದ್ರಕ್ಕೆ ಹೋಗುವ ಹಿಂದಿನ ವಾರ ಕೊಟ್ಟಿಗೆಯಲ್ಲಿ ಹಲಗೆ ಹೆರೆಯುವ ಸದ್ದು ಕೇಳಿದೆ ಎಂದು ಅಮ್ಮ ಸಾಯುವವರೆಗೂ ಹೇಳುತ್ತಿದ್ದಳು. ಹೋಗಿ ನೋಡಿದರೆ ಯಾರೂ ಇಲ್ಲ. ಆಮೇಲೆ ಅವನು ಮುಳುಗಿ ಸತ್ತಾಗ ಶವದ ಪೆಟ್ಟಿಗೆಗೆ ಹಲಗೆ ಹೆರೆದದ್ದು ಅದೇ ಕೊಟ್ಟಿಗೆಯಲ್ಲಿ. ಮನುಷ್ಯನದು ಯಾವುದಾದರೂ ಮುಂಚೆ ಮನೆಗೆ ಬಂದರೆ ಹಿಂದೆ ಅವನೂ ಬರುತ್ತಾನೆ, ಹೆಗಲ ಮೇಲೆ.

ಬಾ ಬಾ ಎಂದು ಇಷ್ಟು ವರ್ಷ ಕರೆದವಳು ಈಗ ಹೇಳುತ್ತಿದ್ದೇನೆ: ಬರಬೇಡ. ಅಲ್ಲೇ ಇದ್ದು ಕಾಲು ತೋರಿಸು.

ನಾನು ಈಗಲೂ ಏನನ್ನೂ ಕೇಳಿಲ್ಲ. ದಿನಾ ಸಂಜೆ ಕುರ್ಚಿಯ ಹತ್ತಿರ ಹೋಗಿ ನಿಲ್ಲುತ್ತೇನೆ. ಬೆಕ್ಕು ಮಾತ್ರ ಈಗ ಸೌದೆ ಪೆಟ್ಟಿಗೆಯ ಮೇಲೆ ಮಲಗುತ್ತಿದೆ.

ಎಫೀ


ವಾಲ್ಥಮ್
೮ ಜನವರಿ ೧೯೮೪

ಎಫೀ,

ಹೋಗಿ ಬಂದೆ. ಡಾಕ್ಟರು ಹುಡುಗನ ಹಾಗಿದ್ದಾನೆ, ಮಾತು ಮಾತ್ರ ಕಟುಕನದು. "ಮಂಡಿ ಕೆಳಗೆ ತೆಗೀಬೇಕು. ತೆಗೀದೆ ಹೋದ್ರೆ ವಿಷ ಮೇಲೆ ಏರುತ್ತೆ, ಈಸ್ಟರ್ ನೋಡೋದು ಕಷ್ಟ" ಎಂದ. ನಾನು ಪಿಟೀಲು ಬಾರಿಸುವವನು ಎಂದೆ. "ಪಿಟೀಲು ಕೈಯಲ್ಲಲ್ವಾ ಬಾರಿಸೋದು?" ಎಂದು ಕೇಳಿದ.

ಒಪ್ಪುವುದಿಲ್ಲ ಎಂದು ಹೇಳಿ ಬಂದಿದ್ದೇನೆ. ಹೆಂಡತಿ ಮಕ್ಕಳು ಮನೆ ಏನೂ ನಾನು ಮಾಡಿಕೊಳ್ಳಲಿಲ್ಲ. ಇದ್ದದ್ದು ಇದೊಂದೇ. ಶನಿವಾರ ನಾನು ಕಾಲು ಊರಿದರೆ ನೂರು ಜನ ಏಳುತ್ತಾರೆ. ಆ ಕಾಲಿಲ್ಲದೆ ಕುರ್ಚಿಯಲ್ಲಿ ಕೂತು ಗರಗಸ ಎಳೆದ ಹಾಗೆ ಎಳೆಯುವುದಕ್ಕಿಂತ ಈಸ್ಟರ್ ಕಾಣದಿರುವುದೇ ಲೇಸು. ಕಾಲು ಊರಿಗೆ ಬಂದು ಕೂತಿದೆ ಎಂದರೆ ನನ್ನನ್ನು ಕರೆಯುತ್ತಿದೆ ಎಂದೇ ಅರ್ಥ. ಈ ತಿಂಗಳ ಕೊನೆಗೆ ಕೆಲಸ ಬಿಟ್ಟು ಬರುತ್ತೇನೆ, ಎರಡೂ ಕಾಲಿನ ಮೇಲೆ ನಡೆದು. ಒಂದು ಸಂಜೆ ನಿನ್ನ ಜೊತೆ ಕೂತು ಬಾರಿಸುತ್ತೇನೆ. ಮುಂದಿನದು ಮುಂದೆ.

ಬೇಡ ಅನ್ನಬೇಡ.

ಲಾಕಿ


ಜೂಡೀಕ್
೧೭ ಜನವರಿ ೧೯೮೪

ಲಾಕಿ,

ಈಗ ನನಗೂ ಕೇಳಿಸಿತು.

ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದು ಒಲೆಗೆ ಸೌದೆ ಹಾಕಿ ಪಿಟೀಲು ತೆಗೆದೆ. ಮೊದಲ ಸುತ್ತಿನಲ್ಲಿ ಏನೂ ಇರಲಿಲ್ಲ. ಎರಡನೆಯ ಸುತ್ತಿಗೆ ಕುರ್ಚಿಯ ಕೆಳಗಿನ ಹಲಗೆ ಅದುರಿತು. ಮರ್ಡೊ ಹೇಳಿದ ಹಾಗೇ, ಮೂರನೆಯ ಹೊಡೆತ ತಡ. ನಿನ್ನದೇ. ನಾನು ನಿಲ್ಲಿಸಲಿಲ್ಲ, ಅದೂ ನಿಲ್ಲಿಸಲಿಲ್ಲ. ಮಟ್ಟು ಮುಗಿದಾಗ ಕೊನೆಯ ಹೊಡೆತ ನನಗಿಂತ ಗಟ್ಟಿಯಾಗಿ ಹಾಕಿತು, ಹುಡುಗನಾಗಿದ್ದಾಗ ನಮ್ಮಪ್ಪನಿಂದ ಬೈಸಿಕೊಳ್ಳುತ್ತಿದ್ದೆಯಲ್ಲ, ಹಾಗೆ.

ಈಗ ನನ್ನ ಮಾತು ಕೇಳು. ಅದು ನಿನ್ನನ್ನು ಕರೆಯುತ್ತಿಲ್ಲ. ಅದು ನಿನ್ನನ್ನು ಬಿಟ್ಟು ಬಂದಾಯಿತು. ಚುಚ್ಚಿದರೂ ನೋವಿಲ್ಲ ಎಂದು ನೀನೇ ಬರೆದಿದ್ದೀಯ. ಅಲ್ಲಿ ನಿನ್ನ ಮೊಣಕಾಲಿನ ಕೆಳಗೆ ನೇತಾಡುತ್ತಿರುವುದು ಬರೀ ಮಾಂಸ. ಅದಕ್ಕಾಗಿ ಸಾಯುತ್ತೀಯ? ಕೊಟ್ಟುಬಿಡು ಆ ಹುಡುಗ ಡಾಕ್ಟರಿಗೆ. ತಾಳ ಹಾಕುವ ಕಾಲು ಇಲ್ಲಿದೆ, ಬೆಚ್ಚಗಿದೆ, ನಾನು ನೋಡಿಕೊಳ್ಳುತ್ತೇನೆ.

ಆದರೆ ಕತ್ತರಿಸಿದ್ದನ್ನು ಅವರ ಹತ್ತಿರ ಬಿಡಬೇಡ. ಕೇಳಿ ಇಸಿದುಕೊಂಡು ಪೆಟ್ಟಿಗೆ ಮಾಡಿಸಿ ಕಳಿಸು. ಪಾದ್ರಿಯವರ ಹತ್ತಿರ ಮಾತಾಡಿದ್ದೇನೆ. ನಿನ್ನ ಅಮ್ಮನ ಸಮಾಧಿಯ ಪಕ್ಕ ಜಾಗವಿದೆ. ಕೈಕಾಲು ಕಳೆದುಕೊಂಡ ಗಣಿಯವರಿಗೆಲ್ಲ ಹಾಗೇ ಮಾಡಿದ್ದಲ್ಲವೇ. ಮಣ್ಣಾಗದ ಕಾಲು ಅಲೆಯುತ್ತದೆ.

ಇನ್ನೊಬ್ಬರನ್ನು ಕಳೆದುಕೊಳ್ಳಲು ನನ್ನಿಂದ ಆಗುವುದಿಲ್ಲ, ಲಾಕಿ. ನಿನ್ನನ್ನಂತೂ ಆಗುವುದೇ ಇಲ್ಲ.

ಎಫೀ


ವಾಲ್ಥಮ್
೨೬ ಫೆಬ್ರವರಿ ೧೯೮೪

ಎಫೀ,

ಮರ್ಡೊ ಫೋನು ಮಾಡಿ ಹೇಳಿದನಂತಲ್ಲ. ಆಯಿತು. ಈಗ ಮನೆಗೆ ಬಂದಿದ್ದೇನೆ, ಕೆಳಗಿನ ಮನೆಯವರು ಊಟ ಕೊಡುತ್ತಿದ್ದಾರೆ. ವಿಷ ನಿಂತಿದೆಯಂತೆ. ಬದುಕುತ್ತೇನಂತೆ.

ನಿನ್ನ ಕಾಗದವನ್ನು ಆಸ್ಪತ್ರೆಯಲ್ಲಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಅದಿಲ್ಲದಿದ್ದರೆ ಒಪ್ಪುತ್ತಿರಲಿಲ್ಲ.

ಕಾಲು ಕೇಳಿದೆ. ಎಚ್ಚರವಾದ ಕೂಡಲೇ ಕೇಳಿದೆ. ನರ್ಸು ನಗಲಿಲ್ಲ, ಒಳ್ಳೆಯ ಹೆಂಗಸು. "ಅದನ್ನ ಆಗಲೇ ಸುಟ್ಟಾಯ್ತಪ್ಪ, ಇಲ್ಲಿ ಹಾಗೇ ಮಾಡೋದು" ಎಂದಳು. ಅಂದರೆ ಮಣ್ಣಿಲ್ಲ, ಪೆಟ್ಟಿಗೆಯಿಲ್ಲ. ಪಾದ್ರಿಯವರಿಗೆ ಹೇಳಿಬಿಡು.

ನೀನು ಬಾರಿಸಿ ಒಂದು ಕ್ಯಾಸೆಟ್ ಕಳಿಸು. ನನ್ನ ಕಾಲಿನ ತಾಳಕ್ಕೆ ನಾನೇ ಇಲ್ಲಿ ಕೂತು ಬಾರಿಸುತ್ತೇನೆ. ಅದೊಂದು ಆಸೆಯಲ್ಲೇ ಇದ್ದೇನೆ.

ಲಾಕಿ


ಜೂಡೀಕ್
೧೨ ಮಾರ್ಚ್ ೧೯೮೪

ಲಾಕಿ,

ಬದುಕಿದೆಯಲ್ಲ, ಸಾಕು. ಕ್ಯಾಸೆಟ್ ಇಟ್ಟಿದ್ದೇನೆ. ತೆರೇಸಾಳ ಕೈ ವಾಸಿಯಾಗಿದೆ, ಪಿಯಾನೋ ಅವಳದು. ಸಮುದ್ರದ ತುಂಬ ಹಿಮಗಡ್ಡೆ ಬಂದು ನಿಂತಿದೆ. ಹೆಚ್ಚು ಬರೆಯಲು ಈಗ ಆಗುತ್ತಿಲ್ಲ. ಹೊಟ್ಟೆ ತುಂಬ ಉಣ್ಣು.

ಎಫೀ


ವಾಲ್ಥಮ್
೮ ಏಪ್ರಿಲ್ ೧೯೮೪

ಎಫೀ,

ನಿನ್ನ ಕ್ಯಾಸೆಟ್ಟಿನಲ್ಲಿ ನೀನಿದ್ದೀಯ, ತೆರೇಸಾ ಇದ್ದಾಳೆ. ನಾನಿಲ್ಲ.

ಹಳೆಯ ಎರಡನ್ನೂ ತೆಗೆದು ಹಾಕಿದೆ. ಅವುಗಳಲ್ಲೂ ಇಲ್ಲ. ನೀನು ಕಾಲು ಮಣೆಯ ಮೇಲಿಟ್ಟು ಬಾರಿಸಿದ್ದರಲ್ಲಿ ಬರೀ ಪಿಟೀಲು. ಮರ್ಡೊನನ್ನು ಮನೆಗೆ ಕರೆಸಿ ಕೇಳಿಸಿದೆ. ಕಣ್ಣು ಮುಚ್ಚಿ ಎರಡನ್ನೂ ಪೂರ್ತಿ ಕೇಳಿ "ಇಲ್ಲ ಕಣೋ. ಮೊದಲು ಇತ್ತು, ಆಣೆ ಮಾಡಿ ಹೇಳ್ತೀನಿ. ಈಗಿಲ್ಲ" ಎಂದ.

ಇದರ ಜೊತೆ ನಾನು ಬಾರಿಸಿದ್ದೊಂದು ಇಟ್ಟಿದ್ದೇನೆ, ನಿಮ್ಮಪ್ಪ ಕಲಿಸಿದ ಅದೇ ನಿಧಾನದ ಮಟ್ಟು. ಪೂರ್ತಿ ಕೇಳಬೇಡ, ನಾಚಿಕೆಯಾಗುತ್ತದೆ. ತಾಳವಿಲ್ಲ, ಬಲಗಾಲಿಗೆ ಅದು ಬರುವುದೂ ಇಲ್ಲ. ಕತ್ತಲಲ್ಲಿ ಮೆಟ್ಟಿಲಿಳಿದ ಹಾಗೆ ಎಲ್ಲಿ ಕಾಲಿಡಬೇಕೋ ಗೊತ್ತಾಗುವುದಿಲ್ಲ. ಪಿಟೀಲನ್ನು ಕ್ಲಬ್ಬಿಗೆ ಕೊಟ್ಟುಬಿಡುತ್ತೇನೆ, ಯಾರಾದರೂ ಬಾರಿಸಲಿ.

ಒಂದೇ ಒಂದು ಕೇಳುತ್ತೇನೆ, ನಿಜ ಹೇಳು. ಅದು ಅಲ್ಲಿದೆಯೇ? ಜನವರಿಯಲ್ಲಿ ನಿನಗೆ ನಿಜವಾಗಿ ಕೇಳಿಸಿತ್ತೇ? ಸುಳ್ಳು ಹೇಳಿದ್ದರೂ ಸಿಟ್ಟಿಲ್ಲ. ಯಾಕೆ ಹೇಳಿದೆ ಎಂದು ಗೊತ್ತಾಗದಷ್ಟು ದಡ್ಡನಲ್ಲ ನಾನು.

ಲಾಕಿ


ಜೂಡೀಕ್
೨೩ ಏಪ್ರಿಲ್ ೧೯೮೪

ಪ್ರೀತಿಯ ಲಾಕಿ,

ನಿಜ ಕೇಳಿದೆ, ಹೇಳುತ್ತೇನೆ. ಜನವರಿಯಲ್ಲಿ ನನಗೆ ಏನೂ ಕೇಳಿಸಿರಲಿಲ್ಲ. ಹಲಗೆ ಅದುರಲಿಲ್ಲ, ಏನೂ ಇಲ್ಲ. ಮರ್ಡೊನ ಮಾತನ್ನೇ ತಿರುಗಿಸಿ ಬರೆದೆ. ನಿನ್ನನ್ನು ಆ ಡಾಕ್ಟರ ಮುಂದೆ ಮಲಗಿಸಲು ನಾನು ಇನ್ನೂ ದೊಡ್ಡ ಸುಳ್ಳು ಹೇಳುತ್ತಿದ್ದೆ.

ಆದರೆ ಆಮೇಲೆ ಬಂತು. ಫೆಬ್ರವರಿಯಲ್ಲಿ ಒಂದು ಬೆಳಗ್ಗೆ, ರೊಟ್ಟಿ ಲಟ್ಟಿಸುತ್ತಿದ್ದೆ, ಪಿಟೀಲು ಗೋಡೆಯ ಮೇಲಿತ್ತು. ನನ್ನ ಬೆನ್ನ ಹಿಂದೆ ಕುರ್ಚಿಯ ಹತ್ತಿರ ಶುರುವಾಯಿತು. ಮಟ್ಟಿಲ್ಲದೆ ಬರೀ ತಾಳ. ಲಟ್ಟಣಿಗೆ ಹಿಡಿದು ಹಾಗೇ ನಿಂತುಬಿಟ್ಟೆ, ತಿರುಗಿ ನೋಡುವ ಧೈರ್ಯವಾಗಲಿಲ್ಲ. ಅವತ್ತೇ ಸಂಜೆ ಮರ್ಡೊನ ಫೋನು ಬಂತು, ಬೆಳಗ್ಗೆ ನಿನಗೆ ಆಪರೇಷನ್ ಆಯಿತು ಎಂದು.

ಅಂದಿನಿಂದ ನಿಂತಿಲ್ಲ. ಕ್ಯಾಸೆಟ್ಟಿಗೆ ಸಿಕ್ಕುವುದಿಲ್ಲ, ಮನೆಯಲ್ಲಿದೆ. ಮಾರ್ಚಿನಲ್ಲಿ ನಿನಗೆ ನೆಟ್ಟಗೆ ಕಾಗದ ಬರೆಯಲಾಗದೆ ಹೋದದ್ದು ಇದಕ್ಕೇ. ಸುಳ್ಳು ಹೇಳಿ ಕರೆದದ್ದು ಬಂದು ಕೂತಿತಲ್ಲ ಎಂದು ಹೆದರಿದ್ದೆ. ರಾತ್ರಿ ಮಹಡಿಯಲ್ಲಿ ಮಲಗಿ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದೆ. ತೆರೇಸಾಳಿಗೆ ನಾನು ಏನೂ ಹೇಳಿರಲಿಲ್ಲ. ಅವಳು ಪಿಯಾನೋಗೆ ಕೂತವಳು ಎರಡು ಮಟ್ಟು ಆದ ಮೇಲೆ ಎದ್ದು, ಬೆನ್ನು ಕುರ್ಚಿಯ ಕಡೆ ಬರದ ಹಾಗೆ ತನ್ನ ಸ್ಟೂಲನ್ನು ಎಳೆದು ಹಾಕಿಕೊಂಡಳು. "ಯಾಕೇ?" ಅಂದೆ. "ಸುಮ್ನೆ ಬಾರಿಸೇ, ತಾಳ ಚೆನ್ನಾಗಿದೆ, ಕೆಡಿಸಬೇಡ" ಅಂದಳು. ಮುಗಿದ ಮೇಲೆ ಚಹಾಕ್ಕೂ ನಿಲ್ಲದೆ ಮನೆಗೆ ಹೋದಳು.

ಮೊನ್ನೆ ನಿನ್ನ ಕ್ಯಾಸೆಟ್ ಬಂತು. ಪೂರ್ತಿ ಕೇಳಬೇಡ ಎಂದಿದ್ದೆ, ಕೇಳಿದೆ. ಇಲ್ಲೇ, ಅಡುಗೆಮನೆಯಲ್ಲಿ ಹಾಕಿದೆ. ನಿನ್ನ ಕಮಾನು ಶುರುವಾದ ಕೂಡಲೇ ಕಾಲು ಸುಮ್ಮನಾಯಿತು. ಇಷ್ಟು ದಿನದಲ್ಲಿ ಅದು ಸುಮ್ಮನಾದದ್ದು ಅದೇ ಮೊದಲು. ಕೇಳುತ್ತಿತ್ತು. ಆಮೇಲೆ ಮೆಲ್ಲಗೆ ಸೇರಿಕೊಂಡಿತು. ನೀನು ತಪ್ಪಿದ ಕಡೆಯೆಲ್ಲ ನಿಂತು ಕಾಯಿತು, ನೀನು ಹಿಡಿದ ಕೂಡಲೇ ಮತ್ತೆ ಹಾಕಿತು. ಹಾಗೆ ಮಟ್ಟಿನ ಕೊನೆಯವರೆಗೂ ನಿನ್ನನ್ನು ದಾಟಿಸಿತು. ನನಗೆ ಅಳು ತಡೆಯಲಾಗಲಿಲ್ಲ. ಹೆದರಿಕೆ ಮಾತ್ರ ಹೋಯಿತು.

ಆದ್ದರಿಂದ ಪಿಟೀಲನ್ನು ಯಾರಿಗೂ ಕೊಡಬೇಡ. ಕುಂಟಲಿ, ಎಡವಲಿ, ಬಾರಿಸು, ಇಲ್ಲಿಗೆ ಕಳಿಸು. ನೀನು ಅಲ್ಲಿ ಬಾರಿಸಿದ್ದನ್ನು ನಾನು ಇಲ್ಲಿ ಹಾಕುತ್ತೇನೆ. ತಾಳ ಸಿಕ್ಕುತ್ತದೆ, ನಿನಗೆ ಕೇಳಿಸದಿದ್ದರೇನು?

ನಂಬುವುದಿಲ್ಲ, ಗೊತ್ತು. ಒಂದು ಸಲ ಸುಳ್ಳು ಹೇಳಿದವಳ ಮಾತನ್ನು ಯಾಕೆ ನಂಬುತ್ತೀಯ? ಅದಕ್ಕೇ ಈ ಪೊಟ್ಟಣ. ಮಾರ್ಚಿನ ಚಳಿಗೆ ಆ ಹಲಗೆ ಮಂಜಿನ ಹಾಗೆ ತಣ್ಣಗಿರುತ್ತಿತ್ತು. ಹುಚ್ಚಿ ಎನ್ನು, ಒಂದು ಉಣ್ಣೆ ಕಾಲುಚೀಲ ಹೆಣೆದೆ, ಒಂದೇ ಒಂದು, ಎಡಗಾಲಿನದು. ರಾತ್ರಿ ಕುರ್ಚಿಯ ಕೆಳಗೆ ಇಟ್ಟೆ. ಹೊಸ ಉಣ್ಣೆ, ಎರಡೆಳೆ ಸೇರಿಸಿ ಬಿಗಿಯಾಗಿ ಹಾಕಿದ್ದು. ಇಟ್ಟ ಜಾಗದಿಂದ ನಾನು ಅದನ್ನು ಎತ್ತಿದ್ದು ಇವತ್ತೇ.

ಬೆಳಕಿಗೆ ಹಿಡಿದು ಹಿಮ್ಮಡಿ ನೋಡು. ಸವೆದು ತೂತಾಗಿದೆ.

ಇನ್ನೊಂದು ಶುರು ಮಾಡಿದ್ದೇನೆ. ಬೂದು ಬಣ್ಣವೇ ಇರಲೇ, ಬೇರೆ ಬೇಕೇ, ಬರೆ.

ನಿನ್ನ
ಎಫೀ